ನೀರು ಕುಡಿದ ದಾರ

ಕೌದಿಯಲ್ಲಿ ಎಲ್ಲವೂ ಹಳೆಯದು. ಅಜ್ಜಿ ಉಟ್ಟು ಸವೆಸಿದ ಇಳಕಲ್ ಸೀರೆ, ಅಪ್ಪನ ಧೋತರ, ಕಂಕುಳಲ್ಲಿ ಹರಿದ ಗುಳೇದಗುಡ್ಡ ಖಣದ ಕುಪ್ಪಸ, ಮಗನಿಗೆ ಗಿಡ್ಡವಾದ ಶಾಲೆಯ ಅಂಗಿ. ಒಂದೊಂದು ಅರಿವೆಯೂ ವರ್ಷಗಟ್ಟಲೆ ಕಲ್ಲಿನ ಮೇಲೆ ಪೆಟ್ಟು ತಿಂದು, ಬಿಸಿಲಿಗೆ ಒಣಗಿ, ಕುಗ್ಗುವಷ್ಟೂ ಕುಗ್ಗಿ, ಮೆತ್ತಗಾದ ಮೇಲೆಯೇ ಕೌದಿಗೆ ಸೇರುವುದು. ಇಡೀ ಕೌದಿಗೆ ಅಂಗಡಿಯಿಂದ ದುಡ್ಡು ಕೊಟ್ಟು ತರುವ ಸಾಮಾನು ಒಂದೇ, ದಾರ. ಅದು ಮಾತ್ರ ಇನ್ನೂ ನೀರು ಕಂಡಿರುವುದಿಲ್ಲ.

ಹತ್ತಿಯ ದಾರ ಕುಗ್ಗುತ್ತದೆಯೆ ಎಂಬ ಪ್ರಶ್ನೆ ಹಾಗಾಗಿ ಬೇರೆ ಯಾವ ಹೊಲಿಗೆಗಿಂತಲೂ ಕೌದಿಗೆ ಹೆಚ್ಚು ಸಲ್ಲುತ್ತದೆ. ಹೊಲಿಗೆಯ ಪುಸ್ತಕಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ಕುಗ್ಗುತ್ತದೆ, ಆದರೆ ಬಟ್ಟೆ ಅದಕ್ಕಿಂತ ಹೆಚ್ಚು ಕುಗ್ಗುವುದರಿಂದ ಚಿಂತೆ ಬೇಡ. ಆ ಉತ್ತರ ಸರಿಯಾದದ್ದೇ. ಆದರೆ ಅದು ಹೊಸ ಬಟ್ಟೆಯನ್ನು ಕತ್ತರಿಸಿ, ನಡುವೆ ಹೊಸ ಹತ್ತಿಯ ಪದರ ಇಟ್ಟು ಹೊಲಿಯುವ ಪಾಶ್ಚಾತ್ಯ ಕ್ವಿಲ್ಟಿಗೆ ಹೇಳಿದ ಉತ್ತರ. ಅದನ್ನೇ ನಮ್ಮ ಕೌದಿಗೆ ಅನ್ವಯಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಕೌದಿಯ ಬಟ್ಟೆ ಇನ್ನು ಕುಗ್ಗುವುದಿಲ್ಲ. ಕುಗ್ಗಲು ಉಳಿದಿರುವುದು ದಾರವೊಂದೇ.

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕುಳಿತು ನಾನು ಕೌದಿಯ ಮಾತಾಡುತ್ತಿರುವುದಕ್ಕೆ ಕಾರಣ ಆ ಊರು ಇರುವ ಜಾಗ. ಪುಣೆಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 65 ಸೊಲ್ಲಾಪುರ ದಾಟಿ, ಬಸವಕಲ್ಯಾಣ ತಾಲ್ಲೂಕನ್ನು ಹಾದು, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿಗಳ ಮೂಲಕ ಹೈದರಾಬಾದ್ ಹೊಗುವಾಗ ಮಿಯಾಪುರದ ನಂತರ ಸಿಗುವುದೇ ಕೂಕಟ್‌ಪಲ್ಲಿ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾದರೂ ಕೆಲಸ ಹುಡುಕಿಕೊಂಡು ಹೋಗುವ ದಾರಿ ಬದಲಾಗಲಿಲ್ಲ. ಹೈದರಾಬಾದಿನ ಹಳೆಯ ಕನ್ನಡ ಸಂಸ್ಥೆಗಳು, ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ, ಅತ್ತ ಕಾಚಿಗುಡ ಕಡೆಗಿವೆ. ಆದರೆ ಗಾರೆ ಕೆಲಸಕ್ಕೆ ಬಂದವರು, ಮನೆಗೆಲಸಕ್ಕೆ ಬಂದವರು, ಇತ್ತೀಚೆಗೆ ಕಂಪ್ಯೂಟರ್ ಕಂಪನಿಗಳಿಗೆ ಬಂದವರು ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲೂ ಅದರ ಸುತ್ತಲಿನ ಬಸ್ತಿಗಳಲ್ಲೂ ಬಾಡಿಗೆ ಹಿಡಿಯುತ್ತಾರೆ. ಬೆಳಗ್ಗೆ ಕೂಲಿಯ ಅಡ್ಡಾದಲ್ಲಿ ನಿಂತರೆ ತೆಲುಗಿನ ನಡುವೆ ಬೀದರ್ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಆ ಜನರ ಗಂಟಿನೊಳಗೆ ಮಡಚಿಕೊಂಡು ಬಂದದ್ದು ಕೌದಿ. ಇಲ್ಲಿನ ತೆಲುಗರು ಅದನ್ನು ಕಂಡು ಬೊಂತ ಎನ್ನುತ್ತಾರೆ, ಹೈದರಾಬಾದಿ ಉರ್ದುವಿನವರು ಗುದಡಿ ಎನ್ನುತ್ತಾರೆ. ಯಾರಿಗೂ ಅದೇನೆಂದು ವಿವರಿಸಿ ಹೇಳಬೇಕಿಲ್ಲ.

ಹೊಸ ಕೌದಿ ಹೊಲಿಯಲು ಕೂತಾಗ ಮಾತ್ರ ತೊಡಕು ಶುರುವಾಗುತ್ತದೆ. ಹಳೆ ಬಟ್ಟೆ ಊರಿಂದ ಬರುತ್ತದೆ, ಸೂಜಿ ಎಲ್ಲಿಯೂ ಸಿಗುತ್ತದೆ. ದಾರ ಕೇಳಲು ಹೋಗುವುದು ಮ್ಯಾಚಿಂಗ್ ಸೆಂಟರಿಗೆ. ಹೈದರಾಬಾದಿನ ಪ್ರತಿ ಬಡಾವಣೆಯಲ್ಲೂ ಇರುವ, ಬ್ಲೌಸ್ ಪೀಸು, ಫಾಲು, ಅಸ್ತರ, ಗುಂಡಿ, ಲೇಸು ಮಾರುವ ಅಂಗಡಿ ಅದು. ಗೋಡೆಯುದ್ದಕ್ಕೂ ನೂರಾರು ಬಣ್ಣದ ರೀಲುಗಳು. ಯಾವ ಸೀರೆ ಹಿಡಿದು ಹೋದರೂ ಅದಕ್ಕೆ ಹೊಂದುವ ಬಣ್ಣ ಕ್ಷಣದಲ್ಲಿ ಕೈಗೆ ಬರುತ್ತದೆ. ಆದರೆ ಆ ಗೋಡೆಯ ಬಹುಪಾಲು ಪಾಲಿಯೆಸ್ಟರ್. ದರ್ಜಿಯ ಮಷಿನ್ನಿಗೆ ಅದೇ ಅನುಕೂಲ: ತುಂಡಾಗುವುದಿಲ್ಲ, ಅಗ್ಗ, ಬಣ್ಣ ಬಿಡುವುದು ಕಡಿಮೆ. ಅಂಗಡಿಯವರನ್ನು ದೂರಿ ಫಲವಿಲ್ಲ, ಕೇಳುವವರು ಏನು ಕೇಳುತ್ತಾರೋ ಅದನ್ನೇ ಅವರು ಇಡುತ್ತಾರೆ. ಹತ್ತಿಯ ದಾರ ಬೇಕೆಂದರೆ ಕಸೂತಿ, ಮಗ್ಗಂ ವರ್ಕ್, ಕ್ರೋಶಾ ಸಾಮಾನು ಇರುವ ಅಂಗಡಿಗೆ ಹೋಗಬೇಕು. ಅಲ್ಲಿಯೂ ಸಿಗದಿದ್ದರೆ ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿ ಸಿಕಂದರಾಬಾದಿನ ಜನರಲ್ ಬಜಾರ್.

ಅಂಗಡಿಯವರು ಕಾಟನ್ ಎಂದು ಕೊಟ್ಟದ್ದೆಲ್ಲ ಹತ್ತಿಯಾಗಿರುವುದಿಲ್ಲ. ಮನೆಗೆ ತಂದು ಗೇಣುದ್ದ ದಾರಕ್ಕೆ ಬೆಂಕಿ ತಾಕಿಸಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದು ಬಣ್ಣದ ಬೂದಿ. ಪಾಲಿಯೆಸ್ಟರ್ ಆದರೆ ದಾರ ಬೆಂಕಿಯಿಂದ ಹಿಂದಕ್ಕೆ ಸರಿದು ಕರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ಎರಡೂ ಲಕ್ಷಣ ಕಂಡರೆ ಒಳಗೆ ಪಾಲಿಯೆಸ್ಟರ್ ಎಳೆ, ಹೊರಗೆ ಹತ್ತಿಯ ಹೊದಿಕೆ ಇರುವ ಮಿಶ್ರ ದಾರ. ಅದು ಕೆಟ್ಟದ್ದೇನಲ್ಲ, ಆದರೆ ಅದನ್ನು ಹತ್ತಿಯೆಂದು ನಂಬಿ ಕೊಳ್ಳಬಾರದು.

ಇನ್ನು ಕುಗ್ಗುವ ವಿಚಾರ. ಹತ್ತಿಯ ನಾರು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಳೆದುಕೊಂಡಾಗ ಅದು ದಪ್ಪದಲ್ಲಿ ಸುಮಾರು ಐದನೇ ಒಂದು ಪಾಲಿನಷ್ಟು ಊದುತ್ತದೆ, ಉದ್ದದಲ್ಲಿ ಶೇ 1ರಿಂದ 2ರಷ್ಟು ಬೆಳೆದರೆ ಹೆಚ್ಚು. ನಾರೇ ಕುಗ್ಗದಿದ್ದ ಮೇಲೆ ದಾರ ಹೇಗೆ ಕುಗ್ಗೀತು? ಗುಟ್ಟು ಹುರಿಯಲ್ಲಿದೆ. ದಾರವೆಂದರೆ ಒಂದರ ಸುತ್ತ ಒಂದು ಸುತ್ತಿಕೊಂಡ ಎಳೆಗಳು. ಎಳೆ ದಪ್ಪವಾದಾಗ ಅದರ ಸುತ್ತ ಬಳಸಿ ಹೋಗುವ ಇನ್ನೊಂದು ಎಳೆಗೆ ಹೆಚ್ಚು ದೂರ ಸುತ್ತಬೇಕಾಗುತ್ತದೆ. ಎಳೆಯ ಉದ್ದ ಅಷ್ಟೇ ಇರುವುದರಿಂದ ಇಡೀ ದಾರ ಗಿಡ್ಡವಾಗುತ್ತದೆ. ಜೋತುಬಿದ್ದ ಹಗ್ಗದ ಮಂಚಕ್ಕೆ ಹಿರಿಯರು ನೀರು ಚಿಮುಕಿಸುತ್ತಿದ್ದದ್ದು ಇದೇ ಕಾರಣಕ್ಕೆ, ಹಗ್ಗ ತೊಯ್ದರೆ ಬಿಗಿಯುತ್ತದೆ. ಒಣಗಿದಾಗ ಈ ಕುಗ್ಗಿದ್ದರಲ್ಲಿ ಒಂದಷ್ಟು ಹಿಂದಿರುಗುತ್ತದೆ, ಒಂದಷ್ಟು ಹಾಗೆಯೇ ನಿಲ್ಲುತ್ತದೆ. ಜೊತೆಗೆ, ಗಿರಣಿಯಲ್ಲಿ ನೂಲುವಾಗಲೂ ರೀಲಿಗೆ ಸುತ್ತುವಾಗಲೂ ದಾರವನ್ನು ಎಳೆದು ಬಿಗಿಹಿಡಿದಿರುತ್ತಾರೆ. ನೀರು ತಾಗಿದಾಗ ಆ ಬಿಗುವೂ ಸಡಿಲುತ್ತದೆ. ಈ ಎರಡೂ ಸೇರಿ ಮೊದಲ ಎರಡು ಮೂರು ಒಗೆತದಲ್ಲಿ ನಡೆಯುವ ಕುಗ್ಗುವಿಕೆಯೇ ದೊಡ್ಡದು. ಆಮೇಲೆ ದಾರ ನೆಲೆಗೊಳ್ಳುತ್ತದೆ.

ಎಷ್ಟು ಕುಗ್ಗುತ್ತದೆ ಎನ್ನುವುದು ದಾರದ ತಯಾರಿಕೆಗೆ ಬಿಟ್ಟದ್ದು. ಮರ್ಸರೈಸ್ ಮಾಡಿದ ಒಳ್ಳೆಯ ದಾರ ಒಂದು ಮೀಟರಿಗೆ ಕೆಲವೇ ಮಿಲಿಮೀಟರ್ ಕುಗ್ಗಿ ಸುಮ್ಮನಾಗುತ್ತದೆ. ಹಾಗೆ ಮಾಡದ ಮೆದು ದಾರ ಶೇ 3ರವರೆಗೂ ಹೋಗಬಹುದು. ಮರ್ಸರೈಸ್ ಎನ್ನುವುದರ ಕತೆಯೇ ಕುಗ್ಗುವಿಕೆಯ ಕತೆ. ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ ಬಟ್ಟೆಗೆ ಅಚ್ಚು ಹಾಕುವ ಕಸುಬಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ನೋಡಿದ. ಬಟ್ಟೆ ಗಟ್ಟಿಯಾಯಿತು, ಬಣ್ಣವನ್ನು ಚೆನ್ನಾಗಿ ಹೀರಿಕೊಂಡಿತು, ಆದರೆ ಬಹಳ ಕುಗ್ಗಿತು. 1850ರಲ್ಲಿ ಪೇಟೆಂಟ್ ಪಡೆದರೂ ಕುಗ್ಗಿದ ಬಟ್ಟೆಯ ನಷ್ಟ ಯಾರಿಗೂ ಬೇಡವಾಗಿ ಅದು ಮೂಲೆಗೆ ಬಿತ್ತು. ಸುಮಾರು ನಾಲ್ಕು ದಶಕದ ನಂತರ ಹೊರೇಸ್ ಲೋವ್ ಎಂಬವನು ಅದೇ ಸೋಡಾದ ಕೆಲಸವನ್ನು ಬಟ್ಟೆಯನ್ನೂ ನೂಲನ್ನೂ ಬಿಗಿಯಾಗಿ ಎಳೆದು ಹಿಡಿದು ಮಾಡಿದ. ಕುಗ್ಗಲು ಬಿಡದೆ ಹಿಡಿದದ್ದರಿಂದ ನಾರು ದುಂಡಗಾಗಿ ರೇಷ್ಮೆಯಂಥ ಹೊಳಪೂ ಬಂತು. ಕಸೂತಿ ದಾರದ ಹೊಳಪೆಲ್ಲ ಅಲ್ಲಿಂದ ಬಂದದ್ದು.

ಗಿರಣಿಯ ಹತ್ತಿ ದಾರ ಹೊಲಿಗೆಗೆ ಬಳಕೆಯಾದುದರ ಹಿಂದೆಯೂ ಒಂದು ಅಭಾವದ ಕತೆಯಿದೆ. ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರಕ್ಕೆ ತಡೆ ಹಾಕಿದಾಗ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಶಾಲು ನೇಕಾರರಿಗೆ ರೇಷ್ಮೆ ಸಿಗದಾಯಿತು. ಕಾಶ್ಮೀರಿ ಶಾಲನ್ನು ನೋಡಿ ನೇಯುತ್ತಿದ್ದ ಊರು ಅದು. ಅಲ್ಲಿನ ಕ್ಲಾರ್ಕ್ ಮನೆತನದವರು ರೇಷ್ಮೆಗೆ ಬದಲಾಗಿ ಹತ್ತಿಯನ್ನೇ ನುಣುಪಾಗಿ ಹುರಿ ಮಾಡುವುದನ್ನು ಕಂಡುಕೊಂಡು, ಆಮೇಲೆ ಅದನ್ನು ಹೊಲಿಗೆ ದಾರವಾಗಿ ಮಾರಿದರು. ಅದೇ ಊರಿನ ಕೋಟ್ಸ್ ಕಂಪನಿ ಮುಂದೆ ಕ್ಲಾರ್ಕ್ ಜೊತೆ ಕೂಡಿಕೊಂಡಿತು. ಭಾರತದಲ್ಲಿ ಅದು ಮಧುರೆಯ ಗಿರಣಿಗಳೊಂದಿಗೆ ಸೇರಿ ಮಧುರಾ ಕೋಟ್ಸ್ ಆಯಿತು. ನಮ್ಮ ಕಸೂತಿ ಪೆಟ್ಟಿಗೆಗಳಲ್ಲಿರುವ ಆ್ಯಂಕರ್ ಲಡಿ ಆ ವಂಶದ್ದು.

ಬಟ್ಟೆಯ ಲೆಕ್ಕ ಬೇರೆ. ಮಗ್ಗದ ಮೇಲೆ ಹಾಸು ಬಿಗಿಯಾಗಿ ಎಳೆದಿರುತ್ತದೆ. ನೀರಿಗೆ ಬಿದ್ದಾಗ ಹಾಸು ಹೊಕ್ಕು ಎರಡೂ ಊದಿ ಒಂದರ ಮೇಲೊಂದು ಹೆಚ್ಚು ಬಾಗಿ ನಡೆಯುತ್ತವೆ, ಬಟ್ಟೆ ಹತ್ತಿರ ಸರಿಯುತ್ತದೆ. ಸಾಮಾನ್ಯ ಹತ್ತಿಬಟ್ಟೆ ಶೇ 3ರಿಂದ 5ರವರೆಗೆ, ತೆಳುವಾದ ಕೈಮಗ್ಗದ ಬಟ್ಟೆ ಇನ್ನೂ ಹೆಚ್ಚು ಕುಗ್ಗುತ್ತದೆ. ಹೊಸ ಬಟ್ಟೆಯ ಕ್ವಿಲ್ಟಿನಲ್ಲಿ ಮೀಟರಿಗೆ ಬಟ್ಟೆ 4 ಸೆಂಟಿಮೀಟರ್ ಒಳಗೆ ಬಂದಾಗ ದಾರ ಒಂದು ಸೆಂಟಿಮೀಟರ್ ಬಂದಿರುತ್ತದೆ, ಅಂದರೆ ಹೊಲಿಗೆ ಬಿಗಿಯುವುದಿಲ್ಲ, ಸಡಿಲವಾಗುತ್ತದೆ. ಅಲ್ಲಿ ಏಳುವ ಸುಕ್ಕಿಗೆ ದಾರ ಹೊಣೆಯಲ್ಲ. ಆ ಸುಕ್ಕು ಬೇಕೆಂದೇ, ಹಳೆಯ ಕಾಲದ ಚಂದ ಬರಲೆಂದೇ, ಬಟ್ಟೆ ಒಗೆಯದೆ ಹೊಲಿಯುವವರೂ ಅಮೆರಿಕದಲ್ಲಿದ್ದಾರೆ.

ಈಗ ಕೌದಿಗೆ ಬನ್ನಿ. 210 ಸೆಂಟಿಮೀಟರ್ ಉದ್ದದ ಕೌದಿ, ಅರಿವೆಯೆಲ್ಲ ಒಗೆದು ಒಗೆದು ನೆಲೆಗೊಂಡದ್ದು. ಶೇ 3ರಷ್ಟು ಕುಗ್ಗುವ ಮೆದು ದಾರವನ್ನು ಬಿಗಿಯಾಗಿ ಎಳೆದು ಹೊಲಿದರೆ ಮೊದಲ ಒಗೆತದಲ್ಲಿ ಪ್ರತಿ ಸಾಲೂ 6 ಸೆಂಟಿಮೀಟರ್ ಗಿಡ್ಡವಾಗಲು ನೋಡುತ್ತದೆ. ಬಟ್ಟೆ ಜೊತೆಗೆ ಬರುವುದಿಲ್ಲ. ಆಗ ಆಗುವುದು ಎರಡರಲ್ಲಿ ಒಂದು: ಕೌದಿ ಎಲ್ಲೆಡೆ ಮುದುಡುತ್ತದೆ, ಇಲ್ಲವೆ ಸವೆದ ಸೀರೆಯ ಮೈಯಲ್ಲಿ ಹೊಲಿಗೆಯ ತೂತುಗಳು ಸೀಳುತ್ತವೆ. ಮುದುಡಿದರೆ ಕೇಡಿಲ್ಲ, ಅದು ಕೌದಿಗೆ ಒಪ್ಪುವ ಲಕ್ಷಣವೇ. ಸೀಳಿದರೆ ಮಾತ್ರ ಮನಸ್ಸು ನೋಯುತ್ತದೆ, ಏಕೆಂದರೆ ಆ ಸೀರೆ ಇನ್ನೊಮ್ಮೆ ಸಿಗುವುದಿಲ್ಲ.

ಕೂಕಟ್‌ಪಲ್ಲಿಯಲ್ಲಿ ಮಗನ ಮನೆಯಲ್ಲಿರುವ, ಹುಮನಾಬಾದ್ ಕಡೆಯ ಹಿರಿಯಾಕೆಯೊಬ್ಬರು ನನಗೆ ಇದನ್ನು ಯಾವ ಶೇಕಡಾವಾರು ಲೆಕ್ಕವೂ ಇಲ್ಲದೆ ಹೇಳಿದರು. "ಹೊಸಾ ದಾರಕ್ಕ ಮೊದಲ ನೀರ ಕುಡಸ್ಬೇಕು ತಂಗಿ. ಕೌದಿಯೊಳಗ ಹೋದ ಮ್ಯಾಲ ಕುಡೀತಂದ್ರ ಅರಬಿ ಎಲ್ಲಾ ಜಗ್ಗತದ." ಕುಡಿಸುವುದು ಹೇಗವ್ವಾ ಎಂದರೆ, ಲಡಿಯ ಪಟ್ಟಿ ಬಿಡಿಸಿ, ಎಳೆ ಸಿಕ್ಕಾಗದ ಹಾಗೆ ಎರಡು ಮೂರು ಕಡೆ ಸಡಿಲವಾಗಿ ಕಟ್ಟಿ, ಕೈ ಇಡಲಾಗದಷ್ಟು ಬಿಸಿ ನೀರಲ್ಲಿ ಅದ್ದಿ, ನೀರು ಆರುವವರೆಗೆ ಬಿಟ್ಟು, ಹಿಂಡದೆ ಎತ್ತಿ, ನೆರಳಲ್ಲಿ ತೂಗುಹಾಕುವುದು. ಕೆಳಗೆ ಭಾರ ಕಟ್ಟಬಾರದು, ಕಟ್ಟಿದರೆ ದಾರ ಎಳೆದುಕೊಂಡೇ ಒಣಗಿ ಕೆಲಸ ವ್ಯರ್ಥ. ರೀಲಿನಲ್ಲಿ ಸುತ್ತಿದ ದಾರವನ್ನು ಹಾಗೆಯೇ ನೀರಿಗೆ ಹಾಕಿದರೂ ಪ್ರಯೋಜನ ಕಡಿಮೆ. ಸುತ್ತಿನ ಬಿಗುವಿನಲ್ಲಿ ಅದಕ್ಕೆ ಕುಗ್ಗಲು ಜಾಗವಿಲ್ಲ, ಒಳಗಿನ ಸುತ್ತುಗಳು ಒಣಗುವುದೂ ಕಷ್ಟ. ಅದನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ ಲಡಿ ಮಾಡಿಕೊಂಡು ನೆನೆಸಬೇಕು.

ನಿಮ್ಮ ದಾರ ಎಷ್ಟು ಕುಗ್ಗುತ್ತದೆ ಎಂದು ತಿಳಿಯಲು ಬೇರೆಯವರನ್ನು ಕೇಳಬೇಕಿಲ್ಲ. ಟೇಪಿನ ಪಕ್ಕದಲ್ಲಿ ಎಳೆಯದೆ ಮಲಗಿಸಿ, ಸರಿಯಾಗಿ ಒಂದು ಮೀಟರಿನ ದೂರಕ್ಕೆ ಎರಡು ಬಣ್ಣದ ಗುರುತು ಹಾಕಿ, ಕುದಿಯುವ ನೀರಲ್ಲಿ ಹತ್ತು ನಿಮಿಷ ಇಟ್ಟು, ಪೂರ್ತಿ ಒಣಗಿಸಿ, ಮತ್ತೆ ಎಳೆಯದೆ ಅಳೆಯಿರಿ. ಸೆಂಟಿಮೀಟರಿನೊಳಗೆ ಕುಗ್ಗಿದ್ದರೆ ನೆನೆಸುವ ಉಸಾಬರಿ ಇಲ್ಲದೆ ಹೊಲಿಯಬಹುದು. ಎರಡು ಮೂರು ಸೆಂಟಿಮೀಟರ್ ಬಂದರೆ ಲಡಿಯನ್ನೆಲ್ಲ ನೆನೆಸಿ.

ದಾರಕ್ಕೆ ನೀರು ಕುಡಿಸುವ ಬದಲು ಹೊಲಿಗೆಯಲ್ಲೇ ಸಡಿಲ ಬಿಡುವ ದಾರಿಯೂ ಇದೆ. ಜಪಾನಿನ ಸಾಷಿಕೊ ಹೊಲಿಗೆಯವರು ಪ್ರತಿ ಸಾಲು ಮುಗಿದ ಕೂಡಲೇ ಬಟ್ಟೆಯನ್ನು ಬೆರಳಿನಿಂದ ನೀವಿ ದಾರವನ್ನು ಸಡಿಲಿಸುತ್ತಾರೆ, ಸಾಲು ತಿರುಗುವಲ್ಲಿ ಹಿಂಬದಿಗೆ ಸಣ್ಣ ಕುಣಿಕೆ ಬಿಡುತ್ತಾರೆ. ಕೌದಿ ಹೊಲಿಯುವ ಪಳಗಿದ ಕೈಯೂ ಹೀಗೆಯೇ. ಸೂಜಿಯ ಮೇಲೆ ನಾಲ್ಕಾರು ಟಾಕು ಒಟ್ಟಿಗೆ ಏರಿಸಿ, ದಾರ ಎಳೆದು, ಅಂಗೈಯಿಂದ ಒಮ್ಮೆ ಸವರಿ ಮುಂದೆ ಹೋಗುತ್ತದೆ. ನೋಡುವವರಿಗೆ ಅದು ಅಭ್ಯಾಸಬಲದ ಚಲನೆ ಎನಿಸಬಹುದು. ಅದು ಕುಗ್ಗುವ ದಾರಕ್ಕೆ ಬಿಟ್ಟ ಜಾಗ. ಬಂಗಾಳದ ಕಾಂಥಾದವರು ಇನ್ನೂ ಮುಂದೆ ಹೋಗಿದ್ದರು. ಹಳೆ ಸೀರೆಯ ಅಂಚಿನಿಂದಲೇ ಬಣ್ಣದ ಎಳೆಗಳನ್ನು ಬಿಡಿಸಿಕೊಂಡು ಹೊಲಿಯುತ್ತಿದ್ದರು. ಅಲ್ಲಿ ದಾರವೂ ಹಳೆಯದು, ಕುಗ್ಗಲು ಏನೂ ಉಳಿದಿರಲಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರ ಕವಂದಿಯನ್ನು, ಅಂದರೆ ಅವರ ಕೌದಿಯನ್ನು, ಇಲ್ಲಿ ನೆನೆಯಲೇಬೇಕು. ಅವರು ಮೂಲೆಯಿಂದ ತೊಡಗಿ, ಅಂಚಿನಗುಂಟ ಸುತ್ತುತ್ತಾ, ತುಂಡು ಬಟ್ಟೆಯ ಅಂಚು ಮಡಚಿ ಸೇರಿಸುತ್ತಾ, ನಡುವಿಗೆ ಬಂದು ಮುಗಿಸುತ್ತಾರೆ. ಸಾಲುಗಳು ಒಂದೇ ದಿಕ್ಕಿನವಲ್ಲ, ನಾಲ್ಕೂ ಬದಿಗೆ ಸಮನಾಗಿ ಹಂಚಿಕೊಂಡವು. ದಾರ ಕುಗ್ಗಿದರೂ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುತ್ತದೆ, ಹಾಗಾಗಿ ಸೊಟ್ಟಗಾಗುವುದು ಕಡಿಮೆ ಎಂದು ನಾನು ತಿಳಿಯುತ್ತೇನೆ. ಮೂಲೆಗಳಿಗೆ ಮಡಚಿದ ಮುಕ್ಕೋನದ ಬಟ್ಟೆಯ ಹೂವು, ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿದ್ದ ಹಾಗೆ ಎಂಬ ಭಾವನೆ ಅವರದು. ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಉದ್ದ ಸಾಲಿನ ಕೌದಿ ಹೊಲಿಯುವವರು ಎಳೆತವನ್ನು ಒಂದೇ ಕಡೆಗೆ ಬಿಡದಿರುವುದನ್ನು ಅವರಿಂದ ಕಲಿಯಬಹುದು. ಉದ್ದಕ್ಕಷ್ಟೇ ಸಾಲು ಹಾಕುವುದಾದರೆ ಈ ತುದಿಯಿಂದ ಒಂದು ಸಾಲು, ಎದುರು ತುದಿಯಿಂದ ಇನ್ನೊಂದು ಎಂದು ಹೋಗುತ್ತಾ ಬರುತ್ತಾ ಹೊಲಿಯಿರಿ. ಎಲ್ಲ ಸಾಲನ್ನೂ ಒಂದೇ ತುದಿಯಿಂದ ಎಳೆದರೆ ಕೌದಿ ಆ ಕಡೆಗೆ ವಾಲುತ್ತದೆ.

ದಾರ ಗಟ್ಟಿಯಿದ್ದಷ್ಟೂ ಒಳ್ಳೆಯದಲ್ಲವೆ, ಪಾಲಿಯೆಸ್ಟರ್ ಏಕೆ ಬೇಡ? ಈ ಪ್ರಶ್ನೆ ನ್ಯಾಯವಾದದ್ದು. ಪಾಲಿಯೆಸ್ಟರ್ ಬಟ್ಟೆಯನ್ನು ಚಾಕುವಿನಂತೆ ಕತ್ತರಿಸುತ್ತದೆ ಎಂದು ಹೇಳುವವರಿದ್ದಾರೆ, ಅದು ಅತಿ ಮಾತು. ಹೊಸ ಗಟ್ಟಿ ಬಟ್ಟೆಗೆ ಪಾಲಿಯೆಸ್ಟರ್ ದಾರದಿಂದ ಏನೂ ಆಗುವುದಿಲ್ಲ, ಅಂಗಿ ಪೈಜಾಮಗಳೆಲ್ಲ ಅದರಲ್ಲೇ ಹೊಲಿದವು. ಆದರೆ ಮೂವತ್ತು ವರ್ಷ ಉಟ್ಟ ಸೀರೆಯ ಬಲ ಬೇರೆ. ರಾತ್ರಿ ಮಗು ಕೌದಿಯ ಮೇಲೆ ಕಾಲಿಟ್ಟು ಎಳೆದಾಗ ಯಾವುದಾದರೂ ಒಂದು ಸೋಲಬೇಕು. ದಾರ ಬಟ್ಟೆಗಿಂತ ಮೆದುವಾಗಿದ್ದರೆ ದಾರ ಸೋಲುತ್ತದೆ, ಮರುದಿನ ಒಂದು ಗೇಣು ಹೊಲಿದರೆ ಮುಗಿಯಿತು. ದಾರ ಬಟ್ಟೆಗಿಂತ ಗಟ್ಟಿಯಿದ್ದರೆ ಸೀರೆ ಸೋಲುತ್ತದೆ, ತ್ಯಾಪಿ ಹಾಕಬೇಕಾಗುತ್ತದೆ. ಅದೇ ಹಿರಿಯಾಕೆಯ ಮಾತಿನಲ್ಲಿ ಹೇಳುವುದಾದರೆ, "ಹರದ್ರ ದಾರ ಹರೀಲಿ, ಅರಬಿ ಹರೀಬಾರ್ದು." ಹತ್ತಿಯ ಇನ್ನೊಂದು ಗುಣವೂ ಇಲ್ಲಿ ನೆರವಿಗೆ ಬರುತ್ತದೆ. ತೊಯ್ದ ಹತ್ತಿ ಒಣಗಿದ ಹತ್ತಿಗಿಂತ ಗಟ್ಟಿ. ನೀರು ಹೀರಿ ಹಲವು ಪಟ್ಟು ಭಾರವಾದ ಕೌದಿಯನ್ನು ಎತ್ತುವ ಹೊತ್ತಿಗೇ ದಾರಕ್ಕೆ ಬಲ ಹೆಚ್ಚಿರುತ್ತದೆ.

ಇಳಕಲ್ ಸೀರೆಯ ಕೌದಿ ಹೊಲಿಯುವವರಿಗೆ ಒಂದು ಎಚ್ಚರ. ಮೈ ಹತ್ತಿಯದಾದರೂ ಇಂದಿನ ಬಹುಪಾಲು ಇಳಕಲ್‌ಗಳ ಅಂಚು ಸೆರಗು ಚಮಕಾ, ಅಂದರೆ ಕೃತಕ ರೇಷ್ಮೆ. ಅದು ಹತ್ತಿಗೆ ಪೂರ್ತಿ ತದ್ವಿರುದ್ಧ, ತೊಯ್ದಾಗ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ಕೆಂಪು ಟೋಪು ಸೆರಗನ್ನು ಕೌದಿಯ ಮೇಲ್ಮೈಗೆ ಇಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಇಡಲೇಬೇಕು, ಅಷ್ಟು ಚಂದದ್ದು ಬೇರೆ ಏನಿದೆ? ಅದರ ಅಡಿಗೆ ಗಟ್ಟಿ ಧೋತರದ ಪದರ ಕೊಟ್ಟು, ಸಾಲುಗಳನ್ನು ಹತ್ತಿರ ಹತ್ತಿರ ಹಾಕಿದರೆ ಎಳೆತ ಹಂಚಿಹೋಗುತ್ತದೆ.

ಯಾವ ದಪ್ಪದ ದಾರ ಕೊಳ್ಳಬೇಕು? ರೀಲಿನ ಮೇಲೆ 40/3, 50/3 ಎಂದು ಬರೆದಿರುವುದರ ಮೊದಲ ಅಂಕಿ ನೂಲಿನ ಕೌಂಟು, ಎರಡನೆಯದು ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎನ್ನುವುದು. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತವೋ ಅದೇ ಕೌಂಟು. ಹಾಗಾಗಿ ಅಂಕಿ ದೊಡ್ಡದಾದಷ್ಟೂ ದಾರ ಸಣ್ಣ. ಮಷಿನ್ನಿನಲ್ಲಿ ತುಂಡು ಜೋಡಿಸಲು 50/3 ಸಾಕು. ಕೈಯಲ್ಲಿ ಕೌದಿ ಹೊಲಿಯಲು ಅದು ತೀರ ತೆಳುವು, ಸಣ್ಣ ದಾರ ಹಳೆ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಒತ್ತುತ್ತದೆ. ಕಸೂತಿ ಲಡಿಯ ಆರು ಎಳೆಯಲ್ಲಿ ಮೂರು, ಅಥವಾ 8ನೇ ನಂಬರಿನ ಪರ್ಲ್ ಕಾಟನ್ ಉಂಡೆ ನನಗೆ ಮೆಚ್ಚಿಗೆ. ದಪ್ಪವಿದ್ದು ಮೃದುವಾಗಿರುವ ದಾರ ಬಟ್ಟೆಯ ಮೇಲೆ ಅಗಲವಾಗಿ ಕೂರುತ್ತದೆ, ಸಾಲು ಎದ್ದೂ ಕಾಣುತ್ತದೆ. ಗಾದಿ ಹೊಲಿಯುವ ಪಿಂಜಾರರು, ಇಲ್ಲಿನ ದೂದೇಕುಲದವರು, ಬಳಸುವ ಹುರಿದಾರ ಅಂತರಂತರಕ್ಕೆ ದಬ್ಬಣದಿಂದ ಟಾಕು ಹಾಕುವುದಕ್ಕೆ ಸರಿ, ಸೀರೆಯ ಮೈಗೆ ಅದು ಒರಟು.

ಕೊಳ್ಳುವ ಮುನ್ನ ಲೆಕ್ಕ ಹಾಕಿಕೊಳ್ಳಬೇಕು. 150 ಸೆಂಟಿಮೀಟರ್ ಅಗಲ, 210 ಉದ್ದದ ಕೌದಿಗೆ ಬೆರಳಗಲ, ಸುಮಾರು 2 ಸೆಂಟಿಮೀಟರಿಗೊಂದು ಸಾಲು ಹಾಕಿದರೆ ಒಟ್ಟು ಸಾಲಿನ ಉದ್ದ 157 ಮೀಟರ್. ಪದರ ಹೊಕ್ಕು ಬರುವುದಕ್ಕೂ ಗಂಟಿಗೂ ಸೇರಿಸಿ 190 ಮೀಟರ್ ದಾರ ಬೇಕು. 8 ಮೀಟರಿನ ಕಸೂತಿ ಲಡಿಯನ್ನು ಮೂರು ಮೂರು ಎಳೆ ಮಾಡಿದರೆ ಒಂದು ಲಡಿಯಿಂದ 16 ಮೀಟರ್, ಅಂದರೆ 12 ಲಡಿ. ಸುಮಾರು 85 ಮೀಟರಿನ ಪರ್ಲ್ ಉಂಡೆಯಾದರೆ ಮೂರು. ಅಷ್ಟನ್ನೂ ಒಮ್ಮೆಗೇ ಕೊಳ್ಳಿ, ಮುಂದಿನ ತಿಂಗಳು ಹೋದರೆ ಅದೇ ನಂಬರಿನ ಬಣ್ಣ ಬೇರೆ ಅದ್ದಿಗೆಯಿಂದ ಬಂದು ಒಂದು ಛಾಯೆ ಆಚೀಚೆ ಇರುತ್ತದೆ.

ಕೈಗೆ ತೆಗೆದುಕೊಂಡು ನೋಡುವುದೂ ಮುಖ್ಯ. ಬೆಳಕಿಗೆ ಹಿಡಿದಾಗ ರೋಮ ರೋಮವಾಗಿ ಕಂಡರೆ ಅದು ಗಿಡ್ಡ ಎಳೆಯ ಹತ್ತಿ, ಸೂಜಿಗಣ್ಣಿನಲ್ಲಿ ತಿಕ್ಕಿ ತಿಕ್ಕಿ ಬೇಗ ಸವೆಯುತ್ತದೆ. ನುಣುಪಾದ ದಾರಕ್ಕೆ ಉದ್ದ ಎಳೆಯ ಹತ್ತಿ ಬೇಕು. ಅಂಥ ಹತ್ತಿಯ ವಿಚಾರದಲ್ಲಿ ನಮಗೆ ಹೆಮ್ಮೆಪಡಲು ಕಾರಣವಿದೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ತಳಿ, ಆಮೇಲೆ 1981ರಲ್ಲಿ ಅಲ್ಲಿಂದಲೇ ಬಂದ ಡಿಸಿಎಚ್-32 ದೇಶದಲ್ಲಿ ಉದ್ದ ಎಳೆಯ ಹತ್ತಿಯ ಬೆಳೆಯನ್ನೇ ಬದಲಿಸಿದವು. ವರ್ಷಾನುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಹಳೆಯ ರೀಲು ಸಿಕ್ಕರೆ ಎರಡೂ ಕೈಯಲ್ಲಿ ಹಿಡಿದು ತಟಕ್ಕನೆ ಎಳೆಯಿರಿ. ಸದ್ದಿಲ್ಲದೆ ಪುಡಿಯಾಗಿ ಬಿಟ್ಟುಕೊಂಡರೆ ಅದನ್ನು ಕೌದಿಗೆ ಬಳಸಬೇಡಿ. ಇನ್ನು, ಮೇಣ ಅಥವಾ ಗಂಜಿ ಸವರಿ ಬಿರುಸು ಮಾಡಿದ ಗ್ಲೇಸ್ ದಾರವೂ ಸಿಗುತ್ತದೆ. ಕೈಹೊಲಿಗೆಗೆ ಅದು ಸಿಕ್ಕಾಗದೆ ಓಡುತ್ತದೆ. ಆದರೆ ಅದನ್ನು ನೆನೆಸಿದರೆ ಆ ಲೇಪ ಹೋಗುತ್ತದೆ, ಮಷಿನ್ನಿಗೆ ಹಾಕಿದರೆ ಆ ಲೇಪ ಯಂತ್ರದೊಳಗೆ ಮೆತ್ತಿಕೊಳ್ಳುತ್ತದೆ. ನೆನೆಸಿದ ದಾರ ಜಾರಬೇಕೆಂದರೆ ಹೊಲಿಯುವಾಗ ಜೇನುಮೇಣದ ಬಿಲ್ಲೆಯ ಮೇಲೆ ಒಮ್ಮೆ ಎಳೆದುಕೊಂಡರಾಯಿತು. ಒಂದು ಸಲಕ್ಕೆ ಒಂದೂವರೆ ಮೊಳಕ್ಕಿಂತ ಹೆಚ್ಚು ದಾರ ಪೋಣಿಸಬೇಡಿ, ಹತ್ತು ಪದರ ಹೊಕ್ಕು ಹೊರಡುವಷ್ಟರಲ್ಲಿ ಉದ್ದ ದಾರದ ಕೊನೆ ಸವೆದು ಹೋಗಿರುತ್ತದೆ.

ಬಿಳಿ ಧೋತರದ ಮೇಲೆ ಕೆಂಪು ದಾರದ ಸಾಲು ನೋಡಲು ಬಹಳ ಚಂದ. ಆದರೆ ಅಗ್ಗದ ಕೆಂಪು ಮೊದಲ ನೀರಿಗೇ ಬಿಳಿಯ ಮೇಲೆ ಹರಡುತ್ತದೆ. ಉಪ್ಪು ಹಾಕಿದರೆ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇದೆ, ಅದರಿಂದ ನಿಲ್ಲದು. ದಾರ ನೆನೆಸಿದ ಬಿಸಿನೀರು ಬಣ್ಣಗೂಡಿದರೆ ನೀರು ತಿಳಿಯಾಗುವವರೆಗೆ ಜಾಲಿಸಿ. ಒಣಗುವ ಮೊದಲು ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಇನ್ನೂ ಕಲೆ ಹತ್ತಿದರೆ ಆ ದಾರವನ್ನು ಬಣ್ಣದ ಸೀರೆಗಳ ಕೌದಿಗೆ ಮೀಸಲಿಡಿ.

ಒಗೆಯುವ ವಿಷಯದಲ್ಲಿ ಕೂಕಟ್‌ಪಲ್ಲಿಯ ಫ್ಲ್ಯಾಟಿಗೂ ಊರಿಗೂ ಅಜಗಜಾಂತರ. ಬೀದರ್ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ನದಿಯ ನೀರು ಈ ಭಾಗದ ಕೊಳಾಯಿಗಳಿಗೂ ಬರುತ್ತದೆ. ಆದರೆ ಹೊಳೆದಂಡೆಯ ಬಂಡೆ ಇಲ್ಲಿಲ್ಲ, ಕೌದಿ ಹರವುವ ಕಣವಿಲ್ಲ. ವಾಷಿಂಗ್ ಮಷಿನ್ನಿನ ಬಿಸಿನೀರು ಮತ್ತು ಗಿರಗಿರನೆ ತಿರುಗುವ ಹಿಂಡಾಟ, ಈ ಎರಡೂ ಸೇರಿದರೆ ಕುಗ್ಗುವುದು ಹೆಚ್ಚು. ನೀರು ಕುಡಿಸದ ದಾರದಲ್ಲಿ ಹೊಲಿದ ಕೌದಿಯನ್ನು ಮೊದಲ ಒಗೆತಕ್ಕೇ ಮಷಿನ್ನಿಗೆ ಹಾಕುವುದು ಬೇಡ. ಬಚ್ಚಲಲ್ಲಿ ದೊಡ್ಡ ಟಬ್ಬಿನಲ್ಲಿ ತಣ್ಣೀರಿಗೆ ಹಾಕಿ, ಕಾಲಿನಿಂದ ಮೆದುವಾಗಿ ತುಳಿದು, ಮಡಚಿದ ಹಾಗೆಯೇ ನೀರು ಸೋರಲು ಬಿಡಿ. ಬಾಲ್ಕನಿಯ ಒಂದೇ ಹಗ್ಗಕ್ಕೆ ನೇತುಹಾಕಿದರೆ ತೊಯ್ದ ಭಾರವೆಲ್ಲ ಒಂದು ಗೆರೆಯ ಹೊಲಿಗೆಯ ಮೇಲೆ ಬೀಳುತ್ತದೆ. ಎರಡು ಮೂರು ಹಗ್ಗಕ್ಕೆ ಹಂಚಿ, ಇಲ್ಲವೆ ಮಾಳಿಗೆಯ ಮೇಲೆ ಚಾಪೆ ಹಾಸಿ ಹರವಿ. ಎರಡು ಮೂರು ಒಗೆತ ಹೀಗೆ ದಾಟಿದ ಮೇಲೆ ಮಷಿನ್ನಿಗೂ ತಡೆದುಕೊಳ್ಳುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ಮುಂದಿನ ಕೌದಿಗಳು. ಈಗಿನ ನಲವತ್ತರ ಹೆಂಗಸರ ಬೀರುವಿನಲ್ಲಿರುವುದು ಬಹುಪಾಲು ಜಾರ್ಜೆಟ್, ಶಿಫಾನ್, ಪಾಲಿಯೆಸ್ಟರ್ ರೇಷ್ಮೆ. ಅವು ಎಷ್ಟು ಒಗೆದರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ, ನೀರಿಗೆ ಕುಗ್ಗುವುದೂ ಇಲ್ಲ, ಒಂದರ ಮೇಲೊಂದು ಜಾರುತ್ತವೆ. ಕೆಲವರು ಅವನ್ನೂ ಅಜ್ಜಿಯ ಸೀರೆಯನ್ನೂ ಒಂದೇ ಕೌದಿಯಲ್ಲಿ ಸೇರಿಸುತ್ತಾರೆ. ಬೆವರು ಹೀರುವ ಪದರದ ಕೆಳಗೆ ಹೀರದ ಪದರ ಬಂದು ಹೈದರಾಬಾದಿನ ಬೇಸಿಗೆಯಲ್ಲಿ ಅದು ಬಳಸಲು ಬಾರದಂತಾಗುತ್ತದೆ, ಸೂಜಿಯೂ ಎರಡರಲ್ಲಿ ಎರಡು ಥರ ನಡೆಯುತ್ತದೆ. ಬೆರೆಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹತ್ತಿಯ ಅರಿವೆಯನ್ನು ಒಂದು ಕಡೆ ಕೂಡಿಡಿ, ಎರಡು ಸೀರೆ ಎರಡು ಧೋತರವಿದ್ದರೆ ಮಗುವಿನ ಕೌದಿಗೆ ಸಾಕು, ಅದಕ್ಕೆ ನೀರು ಕುಡಿದ ಹತ್ತಿಯ ದಾರ. ಜಾರ್ಜೆಟ್ಟುಗಳದ್ದು ಬೇರೆಯೇ ಒಂದು ಕೌದಿಯಾಗಲಿ, ಚಳಿಗಾಲಕ್ಕೆ ಮೇಲೆ ಹೊದೆಯಲು ಹಗುರವಾಗಿರುತ್ತದೆ. ಅದಕ್ಕೆ ಮ್ಯಾಚಿಂಗ್ ಸೆಂಟರಿನ ಪಾಲಿಯೆಸ್ಟರ್ ರೀಲೇ ಸರಿ, ನೆನೆಸುವ ಕೆಲಸವೂ ಇಲ್ಲ.